ಸಲಮಾಂಕಾದಲ್ಲಿ ಶಿವಕಾಂತಮ್ಮ

ಎಡಗೈಯ ಮೇಲೆ ಲಿಂಗವನ್ನಿಟ್ಟುಕೊಂಡ ಕೂಡಲೇ ರೇವಣಪ್ಪನ ಬಲಗೈ ಹೆಬ್ಬೆರಳು ಪೀಠದ ಅಂಚಿನಲ್ಲಿ ಒಂದು ಮುಕ್ಕನ್ನು ಹುಡುಕಿತು. ಮುಕ್ಕು ಇರಲಿಲ್ಲ. ಇರುವುದಿಲ್ಲವೆಂದು ಅವನಿಗೆ ಗೊತ್ತು; ಹೆಬ್ಬೆರಳಿಗೆ ಗೊತ್ತಿರಲಿಲ್ಲ. ಹೋದ ಮಳೆಗಾಲದಿಂದ ದಿನವೂ ಬೆಳಿಗ್ಗೆ ಅದು ಹೀಗೆಯೇ ಹುಡುಕಿ, ನುಣುಪಾದ ಅಂಚಿನ ಮೇಲೆ ಜಾರಿ, ದಾರಿ ತಪ್ಪಿದವರ ಹಾಗೆ ನಿಂತುಬಿಡುತ್ತಿತ್ತು. ಚಿಕ್ಕವನಿದ್ದಾಗ, ದೀಕ್ಷೆಯಾದ ದಿನವೇ, ಮಠದ ಪಡಸಾಲೆಯಲ್ಲಿ ಅವನು ಲಿಂಗವನ್ನು ಕೈಜಾರಿಸಿ ಶಹಾಬಾದ ಕಲ್ಲಿನ ನೆಲದ ಮೇಲೆ ಬೀಳಿಸಿದ್ದ. ಅಂಚಿನ ಕಪ್ಪು ಲೇಪ ಜೋಳದ ಕಾಳಿನಷ್ಟು ಹಾರಿತ್ತು. ಅಪ್ಪ ಹೊಡೆಯಲು ಕೈ ಎತ್ತಿದಾಗ ಗುರುಗಳು, ‘ಲೇಪ ಹೋದರ ಲಿಂಗಕ್ಕೇನಾತು, ಬಿಡಪ್ಪಾ’ ಎಂದಿದ್ದರು. ಆ ಮುಕ್ಕು ಅವನ ಜೊತೆಗೇ ಬೆಳೆಯಿತು, ಅವನ ಜೊತೆಗೇ ವಾಡಿ, ಸೇಡಂ ಎಂದು ವರ್ಗವಾಗುತ್ತ ಹೋಯಿತು, ಅವನ ಜೊತೆಗೇ ಮುದುಕಾಯಿತು. ಈಗ ಅದು ಚಿತ್ತಾಪುರದ ಹೊಲದಲ್ಲಿ, ಮಣ್ಣಿನೊಳಗೆ ಕುಳಿತಿರುವ ಹೆಂಡತಿ ಶಿವಕಾಂತಮ್ಮನ ಎಡಗೈಯಲ್ಲಿದೆ. ಅವನ ಅಂಗೈ ಮೇಲಿರುವುದು ಶಿವಕಾಂತಮ್ಮನದು.

ಸ್ಪೇನ್ ದೇಶದ ಈ ಹಳೆಯ ವಿಶ್ವವಿದ್ಯಾಲಯದ ಊರಿನಲ್ಲಿ, ಮಗಳು ಸಪ್ನಾ ಬಾಡಿಗೆಗೆ ಹಿಡಿದಿದ್ದ ಕೋಣೆಯ ಕಿಟಕಿಯ ಕೆಳಗೆ ಅವನು ಚಾದರ ಹಾಸಿಕೊಂಡು ಕುಳಿತಿದ್ದ. ಎದುರಿನ ಗೋಪುರದ ಮೇಲೆ ಕಡ್ಡಿಗಳ ದೊಡ್ಡ ಗೂಡು. ಅದರಲ್ಲೊಂದು ಬಿಳಿಯ ಕೊಕ್ಕರೆ ನಿಂತು ಕೊಕ್ಕನ್ನು ಕಟಕಟ ಬಡಿಯುತ್ತಿತ್ತು, ಹಿಂದಿನ ಕಾಲದ ತಂತಿ ಯಂತ್ರದ ಹಾಗೆ. ಸಪ್ನಾ ಕಲಬುರಗಿಯ ಕಾಲೇಜೊಂದರಲ್ಲಿ ಕಟ್ಟಡವಿದ್ಯೆ ಕಲಿಸುವವಳು. ಹಳೆಯ ಕಲ್ಲುಕಟ್ಟಡಗಳ ದುರಸ್ತಿಯನ್ನು ಕಲಿಯಲು ಒಂದು ಚಳಿಗಾಲದ ಮಟ್ಟಿಗೆ ಇಲ್ಲಿಗೆ ಬಂದಿದ್ದಳು. ಜೊತೆಗೆ ಬರಬೇಕಾಗಿದ್ದವಳು ತಾಯಿ. ‘ನೀವೂ ನಡೀರಿ, ಇಬ್ಬರೂ ಹೋಗೂಣು’ ಎಂದು ಶಿವಕಾಂತಮ್ಮ ಎಷ್ಟು ಸಲ ಕೇಳಿದ್ದಳು. ‘ಅಲ್ಲಿ ಲಿಂಗಪೂಜಿಗಿ ಮಡಿನೀರು ಎಲ್ಲಿ ಸಿಗ್ತದ? ನಾ ಲಿಂಗ ಕಟಕೊಂಡು ಸಮುದ್ರ ದಾಟಂಗಿಲ್ಲ. ನೀ ಒಬ್ಬಾಕೀನೇ ಹೋಗು’ ಎಂದಿದ್ದ. ಒಬ್ಬಳೇ ಹೋಗಲಾರಳೆಂದು ತಿಳಿದೇ ಹೇಳಿದ್ದ. ಈಗ ನಲ್ಲಿಯ ನೀರನ್ನೇ ಚೊಂಬಿನಲ್ಲಿ ಹಿಡಿದಿಟ್ಟುಕೊಂಡು ಕುಳಿತಿದ್ದಾನೆ. ಯಾವ ಲಿಂಗದ ನೆಪ ಹೇಳಿ ಅವಳನ್ನು ತಡೆದಿದ್ದನೋ ಆ ಲಿಂಗ ಅವಳ ಕೈಯಲ್ಲಿ ಊರಲ್ಲೇ ಉಳಿಯಿತು. ಸಮುದ್ರ ದಾಟಿದ್ದು ಅವಳ ಲಿಂಗ.

ಫೋನು ಎರಡನೆಯ ಸಲ ಸದ್ದು ಮಾಡಿದಾಗ ಸಪ್ನಾ ಅದನ್ನು ತಂದು ಅವನ ಮುಂದೆ ಹಿಡಿದಳು. ಶಹಾಬಾದಿನ ಮಶಾಕ. ಮೂವತ್ತು ವರ್ಷದ ಗೆಳೆಯ, ಕಲ್ಲಿನ ಪಾಲಿಶ್ ಮಷಿನ್ನಿನ ಮಾಲೀಕ.

“ಮಾಸ್ತರ್ ಸಾಬ್, ಪೂಜಿ ನಡದಿತ್ತೇನ್ರಿ? ಮಾಫ್ ಮಾಡ್ರಿ.”

“ಮುಗೀತು. ಹೇಳು ಮಶಾಕ.”

“ಕಲ್ಲು ಬಂದಾವ್ರಿ. ಖಣಿಯಾಗ ತಳದ ಪದರಿಂದು, ಒಂದು ಬಿರುಕಿಲ್ಲ. ಬಡದ್ರ ಗಂಟಿ ಹಂಗ ಸಪ್ಪಳಾಗ್ತದ. ನಾಳಿ ಮುಂಜಾನಿ ಸಿಮೆಂಟ್ ಕಲಸಿ ವೈನಿ ಗದ್ದಿಗಿ ಮುಚ್ಚಿಬಿಡ್ತೀವಿ. ಮ್ಯಾಲ ಹೆಸರು ಏನಂತ ಕೆತ್ತಸಲಿ, ಅದೊಂದು ಹೇಳ್ರಿ.”

“ಅಷ್ಟು ಅವಸರ ಏನದ? ನಾ ಬಂದ ಮ್ಯಾಲ ಮಾಡಿದ್ರಾತು.”

“ನೀವು ಬರೋದ್ರಾಗ ರಂಜಾನ್ ಸುರು ಆಗ್ತದ. ಉಪವಾಸ ಇದ್ದ ಮಂದಿ ಕಡೀಂದ ಆ ಕಲ್ಲು ಎತ್ತಸಲೇನ್ರಿ? ಅದ ದಾಟಿದ್ರ ಮಳಿ. ಹೋದ ಸಲದ ಮಳಿಗೇ ಒಂದು ಮಗ್ಗಲ ಮಣ್ಣು ಕುಸದದ, ನೀವೇ ನೋಡೀರಿ. ಮಗ್ರಿಬ್ ನಮಾಜಿನೊಳಗ ಫೋನ್ ಮಾಡ್ರಿ. ಕೆತ್ತಾವ ನಮ್ಮ ಮುಕ್ರಮ, ಅವನ ಅಹಂಕಾರ ನಿಮಗ ಗೊತ್ತದ. ಹೊತ್ತು ಮುಳುಗಿದ ಮ್ಯಾಲ ಉಳಿ ಮುಟ್ಟಂಗಿಲ್ಲ.” ಆಮೇಲೆ, “ಅಲ್ಲಿ ಕಲ್ಲು ಹ್ಯಾಂಗವ ಸಾಬ್?” ಎಂದ.

“ಬೆಲ್ಲದ ಬಣ್ಣ.”

“ಪಾಲಿಶ್?”

“ಇಲ್ಲ.”

“ಅಯ್ಯ, ಪಾಲಿಶ್ ಇಲ್ಲದ ಕಲ್ಲು ನೋಡಾಕ ಇಮಾನ ಹತ್ತಿ ಹೋಗೀರಿ!” ಎಂದು ಮಶಾಕ ನಕ್ಕು ಫೋನು ಇಟ್ಟ.

ಕಲ್ಲು ಮುಚ್ಚಿದರೆ ಮುಗಿಯಿತು. ಮುಚ್ಚದೆ ಬಿಟ್ಟರೆ ಯಾಕೆಂದು ಹೇಳಬೇಕು. ಯಾರಿಗೆ ಹೇಳುವುದು? ಆ ದಿನ ಆಸ್ಪತ್ರೆಯಿಂದ ಅವಳನ್ನು ತಂದು ಪಡಸಾಲೆಯಲ್ಲಿ ಗೋಡೆಗೊರಗಿಸಿ ಕುಳ್ಳಿರಿಸಿದ್ದರು. ಅವಳ ಮೈಮೇಲಿನ ಲಿಂಗವನ್ನು ನರ್ಸು ಬಿಚ್ಚಿ ಅವನ ಕೈಗೆ ಕೊಟ್ಟಿದ್ದಳು. ಸ್ನಾನ ಮಾಡಿ ಬಂದವನು ತನ್ನದನ್ನೂ ಬಿಚ್ಚಿ, ಎರಡನ್ನೂ ಒಂದೇ ಹಿತ್ತಾಳೆ ತಟ್ಟೆಯಲ್ಲಿಟ್ಟು ವಿಭೂತಿ ಧರಿಸಿದ. ಕೊನೆಯ ಸಲ ಎರಡಕ್ಕೂ ಕೂಡಿಯೇ ಪೂಜೆಯಾಗಲಿ ಎಂಬುದು ಆ ಹೊತ್ತಿನ ಆಸೆ. ಹೊಲದಲ್ಲಿ ಅಯ್ಯನವರು ಗುಂಡಿಯೊಳಗಿನಿಂದ ಕೈ ಚಾಚಿ ‘ಲಿಂಗ ಕೊಡ್ರಿ’ ಎಂದಾಗ ಮಳೆ ಹನಿಯುತ್ತಿತ್ತು, ಹೆಂಗಸರು ಅಳುತ್ತಿದ್ದರು. ತಟ್ಟೆಯಲ್ಲಿ ಕೈಗೆ ಹತ್ತಿರವಿದ್ದುದನ್ನು ಎತ್ತಿಕೊಟ್ಟ. ಮಾರನೆಯ ಬೆಳಿಗ್ಗೆ ಹೆಬ್ಬೆರಳು ಹುಡುಕಿತು.

ಸ್ಟೇಷನ್ ಮಾಸ್ತರನಾಗಿ ಅವನು ಕಳೆದ ವರ್ಷಗಳಲ್ಲಿ ಅಂಥ ತಪ್ಪು ಒಮ್ಮೆಯೂ ಆಗಿರಲಿಲ್ಲ. ಒಂಟಿ ಹಳಿಯ ಕಾಲದಲ್ಲಿ ಡ್ರೈವರನ ಕೈಗೆ ಕಬ್ಬಿಣದ ಒಂದು ಗುಂಡು ಕೊಡಬೇಕಾಗಿತ್ತು, ಗೋಳಾ ಎನ್ನುತ್ತಿದ್ದರು. ಅದರ ಮೇಲೆ ಎರಡು ಸ್ಟೇಷನ್ನುಗಳ ಹೆಸರು ಕೆತ್ತಿರುತ್ತಿತ್ತು. ಆ ಗೋಳಾ ಕೈಯಲ್ಲಿದ್ದರೆ ಮಾತ್ರ ಮುಂದಿನ ಸ್ಟೇಷನ್ನಿನವರೆಗೆ ದಾರಿ ಅವನದು. ಇಲ್ಲವಾದರೆ ಗಾಡಿ ನಿಂತಲ್ಲೇ ನಿಲ್ಲಬೇಕು, ಎಂಥ ಮೇಲ್ ಗಾಡಿಯಾದರೂ. ಕತ್ತಲಲ್ಲಿ, ಮಳೆಯಲ್ಲಿ, ಜ್ವರದಲ್ಲಿ ಅವನು ಗೋಳಾ ಓದಿಯೇ ಕೊಟ್ಟಿದ್ದ. ಅವಳಿಗೆ ಓದದೆ ಕೊಟ್ಟ. ಅಂದಿನಿಂದ ಎಷ್ಟೋ ಸಲ ಅವನಿಗೆ ಅವಳು ಊರ ಹೊರಗಿನ ಸಿಗ್ನಲ್ಲಿನ ಹತ್ತಿರ, ಎರಡೂ ಕಡೆ ಕರಿಮಣ್ಣಿನ ಹೊಲಗಳ ನಡುವೆ, ಕೈಯಲ್ಲಿ ಬೇರೆಯವರ ಗುರುತು ಹಿಡಿದುಕೊಂಡು ನಿಂತ ಹಾಗೆ ಕಾಣುತ್ತಿತ್ತು. ಬೈಯುವುದಿಲ್ಲ, ಅಳುವುದಿಲ್ಲ. ಕೈಮರ ಹಸಿರಾಗುವುದನ್ನು ಕಾಯುವ ಗಾಡಿಯ ಹಾಗೆ ಸುಮ್ಮನೆ ನಿಂತಿರುತ್ತಾಳೆ.

“ಅಪ್ಪಾ, ಟೊಪಗಿ ಹಾಕ್ಕೋರಿ. ಹೊರಗ ಥಂಡಿ ಭಾಳ ಅದ,” ಎಂದಳು ಸಪ್ನಾ. ಶನಿವಾರ ಅವಳಿಗೆ ಪಾಠವಿರಲಿಲ್ಲ. ಊರು ತೋರಿಸುತ್ತೇನೆಂದು ಮೂರು ದಿನದಿಂದ ಹೇಳುತ್ತಿದ್ದಳು. ಅವಳ ಕಣ್ಣ ಕೆಳಗೆ ಕಪ್ಪಾಗಿತ್ತು. ತಾಯಿಯ ಜಾಗದಲ್ಲಿ ತಂದೆಯನ್ನು ಕರೆತಂದು ಅವಳೂ ಏನೋ ಒಂದು ಲೆಕ್ಕವನ್ನು ಸರಿಮಾಡಲು ಒದ್ದಾಡುತ್ತಿದ್ದಾಳೆ ಎಂದು ಅವನಿಗೆ ಅನ್ನಿಸಿತು. ಲಿಂಗವನ್ನು ಕರಡಿಗೆಯೊಳಗಿಟ್ಟು ಮುಚ್ಚಳ ಹಾಕಿ, ಶಿವದಾರವನ್ನು ಅಂಗಿಯೊಳಗೆ ಇಳಿಬಿಟ್ಟುಕೊಂಡು ಎದ್ದ.

ಓಣಿಗಳು ಇಕ್ಕಟ್ಟಾಗಿದ್ದವು. ಎರಡೂ ಬದಿಗೆ ಕಲ್ಲಿನ ಗೋಡೆ. ಬಿಸಿಲು ಬಿದ್ದಲ್ಲಿ ಬೆಲ್ಲದಚ್ಚಿನ ಹಾಗೆ, ನೆರಳಿದ್ದಲ್ಲಿ ತುಕ್ಕಿನ ಹಾಗೆ. “ಈ ಕಲ್ಲು ಖಣಿಯಿಂದ ತೆಗದಾಗ ಮೆತ್ತಗಿರ್ತದ್ರಿ,” ಎನ್ನುತ್ತಿದ್ದಳು ಸಪ್ನಾ, ತರಗತಿಯ ಧ್ವನಿಯಲ್ಲಿ, “ಆವಾಗ್ಲೇ ಕೆತ್ತಬೇಕು. ಗಾಳಿ ಬಡದ ಮ್ಯಾಲ ಗಟ್ಟಿ ಆಗ್ತದ. ಆಮ್ಯಾಗ ಒಂದು ಗೆರಿ ಅಳಸ್ತೀನಂದ್ರೂ ಆಗಂಗಿಲ್ಲ.” ಒಂದು ಮನೆಯ ಗೋಡೆಯ ತುಂಬ ಕಲ್ಲಿನ ಚಿಪ್ಪುಗಳನ್ನು ಸಾಲುಸಾಲಾಗಿ ಕೆತ್ತಿ ಅಂಟಿಸಿದ್ದರು. ಬಿಸಿಲಿಗೆ ಒಂದೊಂದು ಚಿಪ್ಪಿನ ಕೆಳಗೂ ಒಂದೊಂದು ನೆರಳು. ಅವನಿಗೆ ಅವು ಮುಚ್ಚಿದ ಅಂಗೈಗಳಂತೆ ಕಂಡವು. ನೂರಾರು ಅಂಗೈಗಳು, ಒಳಗೆ ಏನನ್ನು ಹಿಡಿದಿವೆಯೋ ಹೇಳುವುದಿಲ್ಲ. ಅವುಗಳ ಕೆಳಗೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದ ಹುಡುಗಿಯರು ಅವನು ಅಡ್ಡ ಬಂದರೂ ಪಕ್ಕಕ್ಕೆ ಸರಿಯಿರಿ ಎಂದು ಹೇಳಲಿಲ್ಲ. ಅವನು ಅಲ್ಲಿ ಇರಲೇ ಇಲ್ಲವೆಂಬಂತೆ ನಗುತ್ತಿದ್ದರು. ವಿಮಾನ ನಿಲ್ದಾಣದಲ್ಲಿಯೂ ಹೀಗೇ ಆಗಿತ್ತು. ಕರಡಿಗೆ ಬಿಚ್ಚಿಡಿ ಎಂದು ಸನ್ನೆ ಮಾಡಿದವನು ಅದನ್ನು ಬೆಲ್ಟು ಬೂಟುಗಳ ಪ್ಲಾಸ್ಟಿಕ್ ತಟ್ಟೆಗೆ ಹಾಕಿದ. ಹಿಂದೆ ನಿಂತಿದ್ದ ಸಪ್ನಾ ‘ಅಯ್ಯೋ’ ಎಂದು ಬಾಯಿ ಮುಚ್ಚಿಕೊಂಡಳು. ಅಪ್ಪ ಕೂಗಾಡುತ್ತಾನೆ, ಪ್ರಯಾಣವೇ ಬೇಡ ಎಂದು ತಿರುಗುತ್ತಾನೆ ಎಂದು ಅವಳು ಹೆದರಿರಬೇಕು. ಅವನು ಸುಮ್ಮನೆ ನಿಂತಿದ್ದ. ಬಾಗಿಲಿನಂಥ ಯಂತ್ರದೊಳಗಿನಿಂದ ನಡೆದು ಹೋದಾಗ ಅದು ಸದ್ದು ಮಾಡಲಿಲ್ಲ. ಆಮೇಲೆ ಮಗಳು ‘ಹ್ಯಾಂಗ ತಡಕೊಂಡ್ರಿ ಅಪ್ಪಾ’ ಎಂದು ಮೆಚ್ಚಿ ಕೇಳಿದಳು. ತಡೆದುಕೊಂಡಿರಲಿಲ್ಲ. ತನ್ನದಾಗಿದ್ದರೆ ಖಂಡಿತ ಕೂಗುತ್ತಿದ್ದ. ಅದು ತನ್ನದಲ್ಲ ಎಂಬ ತಣ್ಣನೆಯ ವಿಚಾರವೊಂದು ಅವನನ್ನು ಅಲ್ಲೇ ನಿಲ್ಲಿಸಿತ್ತು. ಹೆಂಡತಿಯ ಪ್ರಾಣಲಿಂಗ ತಟ್ಟೆಯಲ್ಲಿ ಉರುಳುತ್ತ ಹೋಗುವಾಗ ಗಂಡ ನೋಡುತ್ತ ನಿಂತಿದ್ದ.

ವಿಶ್ವವಿದ್ಯಾಲಯದ ಎದುರಿನ ಸಣ್ಣ ಅಂಗಳ ಜನರಿಂದ ತುಂಬಿತ್ತು. ಎಲ್ಲರೂ ಕತ್ತು ಮೇಲೆತ್ತಿ ನಿಂತಿದ್ದರು. ಎದುರಿನ ಗೋಡೆ ಬಾಗಿಲಿನಿಂದ ಮಾಡಿನವರೆಗೆ ಕೆತ್ತನೆಯಿಂದ ಕಿಕ್ಕಿರಿದಿತ್ತು. ಬಳ್ಳಿ, ಹಕ್ಕಿ, ರಾಜರು, ರಾಣಿಯರು, ಅರ್ಧ ಮನುಷ್ಯ ಅರ್ಧ ಮೃಗ. ಒಂದು ಬೊಟ್ಟು ಇಡುವಷ್ಟು ಜಾಗ ಖಾಲಿ ಇರಲಿಲ್ಲ. “ಇದರಾಗ ಎಲ್ಲೋ ಒಂದು ಕಪ್ಪಿ ಅದ್ರಿ ಅಪ್ಪಾ,” ಎಂದಳು ಸಪ್ನಾ. “ಯಾರೂ ತೋರಸದನ ತಾನೇ ಹುಡಕಿದವರು ಪರೀಕ್ಷಾದಾಗ ಪಾಸ್ ಆಗ್ತಾರಂತ. ನೋಡ್ರಿ ನಿಮಗ ಸಿಗತದೇನು. ನನಗ ಮೂರು ದಿನ ಬೇಕಾತು.” ಆಮೇಲೆ, ತಡೆಯಲಾರದೆ, ಮುಗುಳುನಕ್ಕಳು. “ಹೋದ ವರ್ಷ ಫೋಟೋ ತೋರಸಿದಾಗ ಅವ್ವಾಗ ಒಂದೇ ಸಲಕ್ಕ ಕಂಡಿತ್ತು. ಏನೋ ಒಂದು ಮಾತೂ ಅಂದಿದ್ಲು.”

“ಏನಂದ್ಲು?”

“ಹೇಳಂಗಿಲ್ಲ ಬಿಡ್ರಿ. ನಿಮಗ ಸಿಟ್ಟು ಬರ್ತದ.”

ಆ ದಿನ ಅವನಿಗೆ ನೆನಪಿತ್ತು. ಅಡುಗೆಮನೆಯಲ್ಲಿ ತಾಯಿ ಮಗಳು ಮೊಬೈಲಿನ ಮೇಲೆ ಬಾಗಿ ಕುಳಿತಿದ್ದರು. ಅವನು ಹೊರಗೆ ಪೇಪರ್ ಓದುತ್ತಿದ್ದ. ‘ರೀ, ಬರ್ರಿ ಇಲ್ಲಿ, ನೋಡ್ರಿ’ ಎಂದು ಕರೆದಾಗ ಏಳಲಿಲ್ಲ. ನೋಡಿದರೆ ಹೋಗಬೇಕಾಗುತ್ತದೆ ಎಂಬ ಭಯ. ಒಳಗೆ ಪಿಸುಮಾತು, ಆಮೇಲೆ ಇಬ್ಬರೂ ಉಸಿರುಗಟ್ಟಿ ನಕ್ಕರು. ನಗು ತನ್ನನ್ನೇ ಕುರಿತದ್ದೆಂದು ಅವನಿಗೆ ತಿಳಿಯಿತು. ‘ಏನದು?’ ಎಂದು ಬಾಗಿಲಿಗೆ ಬಂದು ನಿಂತ. ಶಿವಕಾಂತಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ‘ಏನಿಲ್ರಿ, ಚಾ ಇಡ್ಲೇನು?’ ಎಂದಳು. ಮುಂದೆ ಎರಡು ದಿನ ಅವನು ಅವಳ ಜೊತೆ ಸರಿಯಾಗಿ ಮಾತನಾಡಲಿಲ್ಲ. ಆ ಎರಡು ದಿನಗಳು ಈಗ ಬೇಕಾಗಿದ್ದವು.

ಅವನು ತಲೆಯೆತ್ತಿದ. ಹುಡುಕಬೇಕೆಂದು ಮನಸ್ಸು ಇನ್ನೂ ಹೊರಟಿರಲಿಲ್ಲ. ಕಣ್ಣು ನೆಟ್ಟಗೆ ಬಲಗಡೆಯ ಕಂಬಕ್ಕೆ ಹೋಯಿತು. ಒಂದಷ್ಟು ಮೇಲೆ ಮೂರು ಬುರುಡೆಗಳು. ಅದರಲ್ಲೊಂದರ ನೆತ್ತಿಯ ಮೇಲೆ ಕಪ್ಪೆ. ಮಳೆ ಗಾಳಿಗೆ ಸವೆದು, ಮೈಯುಬ್ಬಿಸಿಕೊಂಡು, ಎದುರಿನ ಜನರನ್ನೆಲ್ಲ ತಾನೇ ಕಾಯುತ್ತಿರುವ ಹಾಗೆ ಕುಳಿತಿತ್ತು. ಮನೆಯ ಗೂಡಿನಲ್ಲಿಟ್ಟ ಬೀಗದಕೈಯ ಕಡೆಗೆ ಕಣ್ಣು ಹೋಗುವ ಹಾಗೆ ಹೋಗಿತ್ತು ಅವನ ಕಣ್ಣು, ಮೊದಲೇ ಒಮ್ಮೆ ನೋಡಿದವರ ಕಣ್ಣು. ಅವನು ಈ ಗೋಡೆಯ ಚಿತ್ರವನ್ನು ನೋಡಿದವನಲ್ಲ. ನೋಡುವುದಿಲ್ಲವೆಂದು ಹಟಹಿಡಿದವನು.

“ಕಂಡ್ತೇನ್ರಿ?”

“ಇಲ್ಲವ್ವಾ,” ಎಂದ. “ಕಣ್ಣು ಮಂಜಾಗ್ಯಾವ.”

ಅಂಗಳದ ಸುತ್ತಲಿನ ಗೋಡೆಗಳ ಮೇಲೆ ಕೆಂಪು ಬಣ್ಣದಲ್ಲಿ ಹೆಸರುಗಳನ್ನು ಬರೆದಿದ್ದರು. ಇಲ್ಲಿ ಓದಿ ದೊಡ್ಡ ಪದವಿ ಪಡೆದವರ ಹೆಸರುಗಳು. ಹಿಂದಿನ ಕಾಲದಲ್ಲಿ ಹೋರಿಯ ರಕ್ತ ಬೆರೆಸಿದ ಬಣ್ಣದಿಂದ ಬರೆಯುತ್ತಿದ್ದರಂತೆ. ಸಪ್ನಾ ರಕ್ತ ಎಂದಾಗ ಅವನು ಮುಟ್ಟಲು ಚಾಚಿದ್ದ ಕೈಯನ್ನು ಹಿಂದಕ್ಕೆಳೆದುಕೊಂಡ. ಅಕ್ಷರಗಳು ಕಂದಿದ್ದವು, ಆದರೆ ಹೋಗಿರಲಿಲ್ಲ. ಮನುಷ್ಯರು ಹೋಗಿ ಎಷ್ಟು ಕಾಲವಾಯಿತೋ. ಮದುವೆಯಾದ ಹೊಸದರಲ್ಲಿ ಚಿತ್ತಾಪುರದ ಬದಿಯ ನಾಗಾವಿಗೆ ಇಬ್ಬರೂ ಹೋಗಿದ್ದರು. ಅರವತ್ತು ಕಂಬದ ಗುಡಿಯ ನೆರಳಿನಲ್ಲಿ ಕುಳಿತು ಬುತ್ತಿ ಬಿಚ್ಚಿದಾಗ ಅವನು, ಹೊಸ ಗಂಡನ ಜಂಬದಿಂದ, ಇಲ್ಲಿ ಒಂದು ಕಾಲಕ್ಕೆ ದೊಡ್ಡ ವಿದ್ಯಾಪೀಠವಿತ್ತು, ದೂರದೂರದ ದೇಶದವರು ಬಂದು ಓದುತ್ತಿದ್ದರು, ಪುಸ್ತಕ ಕಾಯಲೆಂದೇ ಪಂಡಿತರಿದ್ದರು ಎಂದು ಹೇಳಿದ್ದ. ಅವಳು ಸುತ್ತ ನೋಡಿದಳು. ಕಂಬಗಳ ನಡುವೆ ಮೇಕೆಗಳು ಮಲಗಿದ್ದವು. ‘ಅಷ್ಟೆಲ್ಲ ಓದಿ ಅವ್ರು ಎಲ್ಲಿ ಹೋದ್ರು ರೀ?’ ಎಂದು ಕೇಳಿದಳು. ತಮಾಷೆಗೆ ಕೇಳಿದ್ದಲ್ಲ. ‘ನಿನಗ ತಿಳ್ಯಂಗಿಲ್ಲ, ಉಣ್ಣು’ ಎಂದಿದ್ದ.

ಅಂಗಳ ದಾಟಿ ಊರಿನ ದೊಡ್ಡ ಚರ್ಚಿನ ಮುಂದೆ ಬಂದಾಗ “ಅವ್ವಾ, ಇಲ್ಲಿ ನೋಡ್—” ಎಂದಿತು ಹಿಂದಿನಿಂದ ಸಪ್ನಾಳ ಧ್ವನಿ. ಅವನು ತಿರುಗಿದ. ತಿರುಗಿದ ಮೇಲೆ ತಾನು ತಿರುಗಿದ್ದು ತಿಳಿಯಿತು. ಸಪ್ನಾ ಒಂದು ದೊಡ್ಡ ಬಾಗಿಲಿನ ಹತ್ತಿರ ಬೆರಳು ತೋರಿಸುತ್ತ ಹಾಗೇ ನಿಂತುಬಿಟ್ಟಿದ್ದಳು. ಅವಳ ಮುಖ ಕೆಂಪಾಯಿತು. “ಅಪ್ಪಾ ಅನ್ನಾಕ ಹೋಗಿ… ನಾಲಗಿ ತಪ್ಪತು,” ಎಂದಳು. ಇಬ್ಬರೂ ಬೇಗಬೇಗ ಬಾಗಿಲಿನ ಕೆತ್ತನೆಯನ್ನು ನೋಡತೊಡಗಿದರು. ಬಳ್ಳಿಗಳ ನಡುವೆ, ದೇವದೂತರ ಬದಿಯಲ್ಲಿ, ಒಬ್ಬ ಗಗನಯಾತ್ರಿ ತೇಲುತ್ತಿದ್ದ. ತಲೆಗೆ ಗುಂಡನೆಯ ಟೊಪ್ಪಿಗೆ, ಕಾಲಿಗೆ ದಪ್ಪ ಬೂಟು. ಈ ಚರ್ಚು ಕಟ್ಟುವಾಗ ಇವನೆಲ್ಲಿದ್ದ ಎಂದು ರೇವಣಪ್ಪ ಕೇಳಿದ. “ಇರಲಿಲ್ರಿ. ಮೂವತ್ತು ವರ್ಷದ ಹಿಂದ ದುರಸ್ತಿ ಮಾಡಿದವರು ಕೆತ್ಯಾರ. ದುರಸ್ತಿ ಮಾಡಿದ ಕಾಲದ್ದು ಒಂದು ಗುರ್ತು ಬಿಡೋದು ಇವರ ಪದ್ಧತಿ. ಹಳೇದು ಯಾವುದು ಹೊಸಾದು ಯಾವುದು ಅಂತ ಸುಳ್ಳು ಹೇಳಬಾರದಲ್ರಿ ಕಲ್ಲಿನ ಮ್ಯಾಲ.” ಅವಳು ಸಹಜವಾಗಿ ಹೇಳಿದ್ದಳು, ಪಾಠದ ಮಾತು. ಆದರೆ ಅವನು ಕೋಟಿನ ಮೇಲಿನಿಂದಲೇ ಕರಡಿಗೆಯನ್ನು ಹಿಡಿದುಕೊಂಡ.

ಒಳಗೆ ಹೋಗುವ ಮುಂಚೆ ಅವನು ಮೆಟ್ಟಿಲ ಬದಿಗೆ ಬೂಟು ಬಿಚ್ಚಿಟ್ಟ. ಯಾರ ದೇವರಾದರೇನು, ದೇವರ ಮನೆ. ಸಪ್ನಾ ಟಿಕೆಟಿನ ಸಾಲಿನಲ್ಲಿದ್ದಳು, ನೋಡಲಿಲ್ಲ. ತಣ್ಣನೆ ಕಲ್ಲಿನ ಮೇಲೆ ಕಾಲುಚೀಲದಲ್ಲಿ ನಾಲ್ಕು ಹೆಜ್ಜೆ ಇಟ್ಟಿದ್ದನೋ ಇಲ್ಲವೋ ಕಾವಲಿನ ಹೆಂಗಸೊಬ್ಬಳು ಬಂದು ಅವನ ಕಾಲನ್ನೂ ಬಾಗಿಲನ್ನೂ ಬೆರಳಿನಿಂದ ತೋರಿಸಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಮನೆ ಮರೆತು ಬೀದಿಗೆ ಬಂದ ಮುದುಕರೊಡನೆ ಮಾತನಾಡುವ ರೀತಿಯ ಮರುಕವಿತ್ತು. ಎಲ್ಲರೂ ನೋಡುತ್ತಿದ್ದಂತೆ ಅವನು ಹೊಸ್ತಿಲ ಮೇಲೆ ಕುಳಿತು, ಬೂಟಿನ ದಾರ ಕಟ್ಟಿಕೊಂಡ. ಶಿವಕಾಂತಮ್ಮ ಇದ್ದಿದ್ದರೆ ತಾನೂ ಪಕ್ಕದಲ್ಲಿ ಕುಳಿತು ‘ನಡೀರಿ, ದೇವ್ರಿಗಿ ನಿಮ್ಮ ಕಾಲು ಕಂಡಾವ, ಸಾಕು’ ಎನ್ನುತ್ತಿದ್ದಳು. ಹಾಗೆಂದುಕೊಂಡೇ ಎದ್ದ. ಅಂದುಕೊಂಡದ್ದು ತಾನೋ ಅವಳೋ ತಿಳಿಯಲಿಲ್ಲ.

ಎರಡು ಚರ್ಚುಗಳು ಒಂದಕ್ಕೊಂದು ಒರಗಿ ನಿಂತಿದ್ದವು. ಹಳೆಯದನ್ನು ಕೆಡವದೆ ಅದರ ಮಗ್ಗುಲಿಗೇ ಹೊಸದನ್ನು ಕಟ್ಟಿದ್ದರು. ನಡುವಿನ ಗೋಡೆ ಎರಡರದೂ. ಹಳೆಯದಕ್ಕೆ ಹೋಗಬೇಕಾದರೆ ಹೊಸದರ ಒಳಗಿನಿಂದಲೇ ಇಳಿಯಬೇಕು. ಇಳಿದರೆ ಮಬ್ಬು ಬೆಳಕು, ಮೇಣದ ವಾಸನೆ, ಗೋಡೆಯ ಗೂಡುಗಳಲ್ಲಿ ಸತ್ತ ಗುರುಗಳು, ಸತ್ತ ಶ್ರೀಮಂತರು. ಕಲ್ಲಿನ ದಿಂಬಿನ ಮೇಲೆ ಕಲ್ಲಿನ ತಲೆಯಿಟ್ಟು, ಎದೆಯ ಮೇಲೆ ಕೈಜೋಡಿಸಿ ಮಲಗಿದ್ದಾರೆ. ಮಲಗಿದ್ದಾರಲ್ಲ ಎಂದು ಅವನಿಗೆ ಕೆಡುಕೆನಿಸಿತು. ನಮ್ಮವರನ್ನು ಕುಳ್ಳಿರಿಸುತ್ತೇವೆ. ಬೆನ್ನು ನೆಟ್ಟಗೆ, ಎಡಗೈಯಲ್ಲಿ ಲಿಂಗ, ಕಣ್ಣು ಅದರ ಮೇಲೆ. ಮಲಗಿದವರಿಗೆ ನಿದ್ರೆ ಹತ್ತಬಹುದು. ಕುಳಿತವರು ಎಚ್ಚರವಿರುತ್ತಾರೆ, ಕೈಯಲ್ಲಿರುವುದನ್ನು ನೋಡುತ್ತಲೇ ಇರುತ್ತಾರೆ. ಅವಳು ಮೊದಲ ದಿನವೇ ಆ ಮುಕ್ಕನ್ನು ನೋಡಿರಬೇಕು. ನಲವತ್ತೇಳು ವರ್ಷ ದಿನವೂ ಅವನ ಪೂಜೆಗೆ ನೀರು ತಂದಿಟ್ಟವಳಿಗೆ ಅದರ ಗುರುತು ತಿಳಿಯದೆ ಇರುತ್ತದೆಯೆ? ‘ಅಯ್ಯ, ಇದು ಅವರದ್ದಲ್ಲ?’ ಎಂದಿರಬೇಕು. ಆಮೇಲೆ ಏನೆಂದುಕೊಂಡಳು? ಲಿಂಗ ಕಳೆದುಕೊಂಡ ಭಕ್ತ ಬದುಕಿರಬಾರದೆಂದು ಹಿರಿಯರು ಹೇಳುತ್ತಿದ್ದರು. ಅವನ ಲಿಂಗ ಮಣ್ಣಿಗೆ ಹೋಗಿದೆ. ಅವಳ ಲಿಂಗ ದಿನವೂ ನೀರು, ವಿಭೂತಿ, ಒಣಗಿದ ಬಿಲ್ವಪತ್ರೆ ಪಡೆಯುತ್ತಿದೆ, ವಿಮಾನ ಹತ್ತಿದೆ, ಅವಳು ನೋಡಬೇಕೆಂದಿದ್ದ ಊರಿನ ಓಣಿಗಳಲ್ಲಿ ತಿರುಗುತ್ತಿದೆ. ಹಾಗಾದರೆ ಆ ಮಳೆಯಲ್ಲಿ ಹೋದವರು ಯಾರು? ಒಂದು ಗೋರಿಯ ಮೇಲಿನ ಕಲ್ಲಿನ ಮುಖದ ಮೂಗು ಸವೆದು ಹೋಗಿತ್ತು. ಗಂಡೋ ಹೆಣ್ಣೋ ಹೇಳಲು ಬರುವಂತಿರಲಿಲ್ಲ. ಅವನು ಬಹಳ ಹೊತ್ತು ಅದನ್ನೇ ನೋಡುತ್ತ ನಿಂತಿದ್ದು, ತಲೆಯ ಮೇಲೆ ಇಲ್ಲದ ಸೆರಗನ್ನು ಸರಿಪಡಿಸಿಕೊಳ್ಳಲು ಕೈ ಎತ್ತಿದ. ಟೊಪ್ಪಿಗೆಯ ಉಣ್ಣೆ ಕೈಗೆ ಸಿಕ್ಕಿತು.

ಹೊರಗೆ ಬಂದು ಇಳಿಜಾರಿನ ಓಣಿಯಲ್ಲಿ ನದಿಯ ಕಡೆ ನಡೆದರು. ಊರ ಕಡೆಯ ಕಾಗಿಣಾ ಹೊಳೆಗಿಂತ ಅಗಲವಾದ ನೀರು. ಮೇಲೆ ಹಳೆಯ ಕಲ್ಲಿನ ಸೇತುವೆ. ಸೇತುವೆಯ ತಲೆಯಲ್ಲಿ ಕಂಡದ್ದನ್ನು ನೋಡಿ ರೇವಣಪ್ಪ ನಿಂತುಬಿಟ್ಟ. ಬೂದುಬಣ್ಣದ ಕಲ್ಲಿನ ಬಸವಣ್ಣ. ದಪ್ಪ ಮೈ, ಗಿಡ್ಡ ಕಾಲು, ಮಳೆಗೆ ನಯವಾದ ಬೆನ್ನು. ತಲೆ ಇರಲಿಲ್ಲ.

“ಇದು ಸೇತುವಿಗಿಂತ ಹಳೇದ್ರಿ. ಯಾರು ಮಾಡಿದ್ರೋ, ಯಾಕ ಮಾಡಿದ್ರೋ, ಖರೇ ಹೇಳಬೇಕಂದ್ರ ಯಾರಿಗೂ ಗೊತ್ತಿಲ್ಲ,” ಎಂದಳು ಸಪ್ನಾ. ಅವನು ಮುಂದೆ ಹೋಗಿ ಅದರ ಬೆನ್ನನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ. ಈ ಸಲ ಯಾರೂ ಬಂದು ಬೆರಳು ತೋರಿಸಲಿಲ್ಲ. ನಾಗಾವಿಯಲ್ಲೂ ಗುಡಿಯ ಮುಂದೆ ಬಸವಣ್ಣನಿದ್ದ. ಶಿವಕಾಂತಮ್ಮ ಅವನ ಕೋಡುಗಳ ನಡುವಿನಿಂದ ನೋಡಿ, ಒಳಗೆ ಕತ್ತಲೆಯಿದೆ, ಏನೂ ಕಾಣುವುದಿಲ್ಲವೆಂದು ಹೇಳಿದ್ದಳು.

“ನೀವು ಕುಂದ್ರಿ. ನಾ ಬಿಸಿ ಏನರ ತರ್ತೀನಿ,” ಎಂದು ಸಪ್ನಾ ಹೋದಳು. ಸೂರ್ಯ ನೆತ್ತಿಯಿಂದ ಸ್ವಲ್ಪ ಸರಿದಿದ್ದ. ಇದೇ ಸೂರ್ಯ ಈಗ ಶಹಾಬಾದಿನ ಖಣಿಗಳ ಹಿಂದೆ ಇಳಿಯುತ್ತಿರಬೇಕು. ಒಬ್ಬನೇ ಎರಡು ಕಡೆ ಎರಡು ಹೊತ್ತು. ರೇವಣಪ್ಪ ಬಸವಣ್ಣನ ಕಟ್ಟೆಯ ಮೇಲೆ ಕುಳಿತು ಫೋನು ಮಾಡಿದ.

“ಹೇಳ್ರಿ ಸಾಬ್. ಮುಕ್ರಮ ಉಳಿ ಹಿಡಕೊಂಡು ಕುಂತಾನ, ಚಾ ಮ್ಯಾಲ ಚಾ ಕುಡೀಲಿಕತ್ತಾನ.”

“ಬರಕೋ. ಲಿಂಗೈಕ್ಯ…”

“ಲಿಂಗೈಕ್ಯ ಶಿವಕಾಂತಮ್ಮ, ಗಂಡ ರೇವಣಪ್ಪ. ಹಂಗೇ ಅಲ್ರೀ?”

“ಅಲ್ಲ. ಮೊದಲ್ನೇ ಸಾಲು, ಲಿಂಗೈಕ್ಯ ರೇವಣಪ್ಪ. ಅದರ ಕೆಳಗ, ಲಿಂಗೈಕ್ಯ ಶಿವಕಾಂತಮ್ಮ.”

ಆ ಕಡೆಯಿಂದ ಪಾಲಿಶ್ ಮಷಿನ್ನಿನ ಸದ್ದು ಮಾತ್ರ ಕೇಳಿತು. ಯಾರೋ ಅದನ್ನು ನಿಲ್ಲಿಸಿದರು.

“ಸಾಬ್, ತಬಿಯತ್ ಬರೋಬರಿ ಅದ ಇಲ್ಲ? ಸಪ್ನಾನ ಕೈಯಾಗ ಫೋನ್ ಕೊಡ್ರಿ ಜರಾ.”

“ಆರಾಮ ಇದ್ದೀನಿ ಮಶಾಕ. ಬರಕೋ ಅಂದ್ನಿ.”

“ಜೀವಂತ ಮನಷಾನ ಹೆಸರು ಗೋರಿ ಮ್ಯಾಲ ಕೆತ್ತಂಗಿಲ್ರಿ. ನಿಮ್ಮಾಗೂ ಇಲ್ಲ, ನಮ್ಮಾಗೂ ಇಲ್ಲ. ಮುಕ್ರಮ ಉಳಿ ಬಿಸಾಕಿ ಹೊಕ್ಕಾನ.”

“ಕಲ್ಲಿನ ಮ್ಯಾಲ ಸುಳ್ಳು ಕೆತ್ತಸಬಾರದು. ನಂದೊಂದು ಅಲ್ಲಿ ಒಳಗ ಅದ.”

“ಏನದ?”

ರೇವಣಪ್ಪ ನೀರನ್ನು ನೋಡಿದ. “ಅದ,” ಎಂದ.

ಮಶಾಕ ಮತ್ತೆ ಕೇಳಲಿಲ್ಲ. ಆ ದಿನ ಗುಂಡಿಯ ಅಂಚಿನಲ್ಲಿ ರೇವಣಪ್ಪನ ತಲೆಯ ಮೇಲೆ ಕೊಡೆ ಹಿಡಿದು ನಿಂತಿದ್ದವನು ಅವನೇ. ಏನು ಕಂಡಿದ್ದನೋ, ಏನು ಕಾಣಲಿಲ್ಲವೋ. ದನಿ ತಗ್ಗಿಸಿ, “ವೈನಿ ತಾರೀಖು ಗೊತ್ತದ. ನಿಮ್ಮ ಹೆಸರಿನ ಮುಂದ ಏನಂತ ಹಾಕಲಿ?” ಎಂದ.

“ಇಬ್ಬರದೂ ಒಂದೇ ತಾರೀಖು.”

“ಅದು ಆಗಂಗಿಲ್ಲ.” ಈಗ ಅವನ ದನಿ ಗಡುಸಾಗಿತ್ತು. “ಹೆಸರು ಕೆತ್ತಸ್ತೀನಿ, ಹೋಗ್ಲಿ. ಮುಕ್ರಮನ ಕಾಲು ಹಿಡೀತೀನಿ. ತಾರೀಖಿನ ಜಾಗ ಖಾಲಿ ಬಿಡ್ತೀನಿ. ನೀವು ಬಂದ ಮ್ಯಾಲ ನನ್ನ ಜೋಡಿ ಜಗಳಾಡ್ರಿ. ಸತ್ತವರು ಜಗಳಾಡಂಗಿಲ್ರಿ ಸಾಬ್, ನೀವು ಆಡ್ತೀರಿ. ನನಗ ಗೊತ್ತದ.” ಆಮೇಲೆ, “ಮುಚ್ಚಲೇನು?”

ರೇವಣಪ್ಪ ಕಣ್ಣು ಮುಚ್ಚಿದ. ಊರ ಹೊರಗೆ, ಕರಿಮಣ್ಣಿನ ನಡುವೆ, ಅವಳು ಕೈಯಲ್ಲಿರುವುದನ್ನು ತಿರುಗಿಸಿ ಓದುತ್ತಿದ್ದಳು. ಮುಕ್ಕಿನ ಮೇಲೆ ಅವಳ ಹೆಬ್ಬೆರಳು ಬಂದು ನಿಂತಿತು.

“ಮುಚ್ಚು,” ಎಂದ.

ಅಲ್ಲಿ ಬಾಂಗ್ ಕೇಳಿಸಿತು. ಮಶಾಕ ಫೋನು ಇಟ್ಟ. ರೇವಣಪ್ಪ ಕೋಟಿನ ಗುಂಡಿ ಬಿಚ್ಚಿ, ಕರಡಿಗೆಯನ್ನು ಹೊರಗೆ ತೆಗೆದು, ತಲೆಯಿಲ್ಲದ ಬಸವಣ್ಣನ ಎದುರು ಲಿಂಗವನ್ನು ಅಂಗೈ ಮೇಲೆ ಇಟ್ಟುಕೊಂಡ. ನೀರಿರಲಿಲ್ಲ, ಪತ್ರೆಯಿರಲಿಲ್ಲ. ಬಿಸಿಲು ಅದರ ಮೇಲೆ ಬಿತ್ತು. ಹೆಬ್ಬೆರಳು ಅಂಚಿನ ಗುಂಟ ಒಂದು ಸುತ್ತು ಹೋಗಿ ಬಂತು. ಎಲ್ಲೂ ನಿಲ್ಲಲಿಲ್ಲ.

ಸಪ್ನಾ ಎರಡು ಕಾಗದದ ಲೋಟ ಹಿಡಿದುಕೊಂಡು ಬಂದಾಗ ಅವನು ಶಿವದಾರ ಸರಿಪಡಿಸಿಕೊಳ್ಳುತ್ತಿದ್ದ. “ಮಶಾಕ ಕಾಕಾನ ಫೋನೇನ್ರಿ?” ಎಂದು ಕೇಳಿದಳು.

“ಹೌದು. ನಾಳಿ ಗದ್ದಿಗಿ ಮುಚ್ಚತಾರ.”

ಅವಳು ಪಕ್ಕದಲ್ಲಿ ಕುಳಿತಳು. ಇಬ್ಬರೂ ಬಿಸಿ ಲೋಟದ ಸುತ್ತ ಕೈ ಸುತ್ತಿಕೊಂಡು ನದಿಯನ್ನು ನೋಡಿದರು. ಅವಳ ಮೂಗಿನ ತುದಿ ಕೆಂಪಾಗಿತ್ತು, ಚಳಿಗೋ ಬೇರೆ ಯಾತಕ್ಕೋ. ಆಮೇಲೆ ಅವಳೇ ಮೈ ಕೊಡವಿ, “ನಡೀರಿ, ಹೋಗ್ತಾ ಇನ್ನೊಮ್ಮಿ ಕಪ್ಪಿ ಹುಡುಕೂಣು. ಅದು ಕಾಣದನ ಊರು ಬಿಟ್ರ ಫೇಲ್ ಆದಂಗ,” ಎಂದಳು.

“ಕಂಡದ,” ಎಂದ ರೇವಣಪ್ಪ.

“ಯಾವಾಗ? ಇಲ್ಲ ಅಂದ್ರಿ?”

“ಕಂಡದವ್ವಾ. ಬುರುಡಿ ಮ್ಯಾಲ ಸ್ಟೇಷನ್ ಮಾಸ್ತರ ಕುಂತಂಗ ಕುಂತದ. ಗಾಡಿ ಎಲ್ಲಾ ಹ್ವಾದ್ರೂ ತಾನೊಂದು ಏಳಂಗಿಲ್ಲ.”

ಸಪ್ನಾಳ ಕೈಯ ಲೋಟ ತುಟಿಯ ಹತ್ತಿರ ನಿಂತಿತು. ಅವಳು ಮೆಲ್ಲಗೆ ಅವನ ಕಡೆ ತಿರುಗಿ, ಮುಖವನ್ನು ನೋಡದೆ, ಅವನ ಎದೆಯ ಮೇಲಿನ ಶಿವದಾರವನ್ನು ನೋಡುತ್ತ ಕೇಳಿದಳು.

“ಅವ್ವ ಅಂದ ಮಾತು ಇದ… ಒಂದಕ್ಷರ ಬಿಡದಂಗ. ನಿಮಗೂ ಹೇಳಿದ್ಲೇನ್ರಿ?”

ಯಾರೂ ಹೇಳಿರಲಿಲ್ಲ. ನದಿಯ ಆಚೆ, ಬೆಲ್ಲದ ಬಣ್ಣದ ಗೋಪುರದ ಮೇಲೆ, ಕೊಕ್ಕರೆ ಮತ್ತೆ ಕಟಕಟ ಎಂದು ಬಡಿಯತೊಡಗಿತು. ರೇವಣಪ್ಪನಿಗೆ ತಡೆಯಲಾರದಷ್ಟು ನಗು ಬಂತು. ಸೆರಗಿಲ್ಲದ ಕೈಯಿಂದ ಕಣ್ಣೊರೆಸಿಕೊಂಡು, “ಏಳು, ಥಂಡಿ ಹತ್ತತದ,” ಎಂದ.